ಅವಳ ಎರಡು ಸಾವಿರ

ಹೋದ ತಿಂಗಳು ಒಂದು ಭಾನುವಾರ. ರೊಟ್ಟಿ ಬಡಿದು ಮುಗಿಸಿ ಕೈ ತೊಳೆಯುತ್ತಿದ್ದೆ, ಬ್ಯಾಡಗಿಯಿಂದ ಚಿಗವ್ವನ ಮಗಳು ಫೋನ್ ಮಾಡಿದಳು. ಮೊದಲು ಐದು ನಿಮಿಷ ಮಕ್ಕಳ ಸುದ್ದಿ, ಮಳೆ ಸುದ್ದಿ. ಅವಳು ಹಾಗೇ, ವಿಷಯಕ್ಕೆ ಬರೋದು ಫೋನ್ ಇಡುವ ಹೊತ್ತಿಗೆ. "ಅಕ್ಕಾ, ಒಂದ ಮಾತ ಕೇಳ್ಲಿ? ಇವ್ರು ಮನಿ ಖರ್ಚಿನಾಗ ಎರಡ ಸಾವಿರ ಹಿಡದ ಕೊಡಾಕತ್ತಾರ. ಯಾಕ ಅಂದ್ರ, ನಿನಗ ಗೃಹಲಕ್ಷ್ಮಿ ಬರ್ತೈತಲ್ಲ, ಅದರಾಗ ನೋಡ್ಕೋ ಅಂತಾರ. ಇದು ಸರಿ ಏನ? ನಮ್ಮ ಧರ್ಮದಾಗ ಏನ ಐತಿ?"

ಗಂಡ ಆಟೋ ಓಡಿಸುತ್ತಾನೆ. ಮೊದಲು ತಿಂಗಳಿಗೆ 8,000 ಮನೆಗೆ ಕೊಡುತ್ತಿದ್ದ. ಈಗ 6,000. ಇವಳು ಸೀಜನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಹೋಗುತ್ತಾಳೆ. ಆ ಕೆಲಸ ನೋಡಿದವರಿಗೆ ಗೊತ್ತು. ಗೋದಾಮಿನಲ್ಲಿ ಕೆಂಪು ರಾಶಿಯ ಮುಂದೆ ಹೆಂಗಸರು ಸಾಲಾಗಿ ಕೂತಿರುತ್ತಾರೆ, ಬಾಯಿ ಮೂಗಿಗೆ ಸೆರಗು ಕಟ್ಟಿಕೊಂಡು. ಎಷ್ಟು ಕಿಲೋ ಬಿಡಿಸಿದರೆ ಅಷ್ಟು ಕೂಲಿ. ಸಂಜೆ ಮನೆಗೆ ಬಂದು ಕೊಬ್ಬರಿ ಎಣ್ಣೆ ಸವರಿಕೊಂಡರೂ ಉಗುರಿನ ಸಂದಿಯಲ್ಲಿ ಉರಿ ಹೋಗುವುದಿಲ್ಲ. ಸಣ್ಣ ಮಗುವನ್ನು ಮುಟ್ಟೋಕೂ ಹೆದರುತ್ತಾಳೆ, ಅದರ ಕಣ್ಣಿಗೆ ಎಲ್ಲಿ ಖಾರ ತಾಗುತ್ತೋ ಅಂತ. ಆ ಕೂಲಿಯೂ ಮನೆಗೇ ಹೋಗುತ್ತದೆ. ಈಗ ಸರ್ಕಾರ ಕೊಟ್ಟ 2,000ವನ್ನೂ ಲೆಕ್ಕಕ್ಕೆ ಹಿಡಿದರೆ ಅವಳದು ಅಂತ ಉಳಿಯೋದು ಏನು?

ಫೋನ್‌ನಲ್ಲೇ ಹೇಳಿದೆ. "ಸರಿ ಅಲ್ಲವ್ವಾ. ಆ ದುಡ್ಡು ನಿಂದು. ಮನಿ ಖರ್ಚು ಅವನ ಫರ್ಜ್, ಮಾಡಲೇಬೇಕಾದ ಕರ್ತವ್ಯ. ಒಂದಕ್ಕೊಂದು ಸಂಬಂಧನ ಇಲ್ಲ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದನ್ನ ಎಲ್ಲಿ ಬರದೈತಿ ಹೇಳ್ರಿ ಅಕ್ಕಾ, ನಾ ತೋರಸ್ತೀನಿ" ಅಂದಳು. ಅವಳಿಗೆ ತೋರಿಸಲು ಹುಡುಕಿ ಬರೆದಿಟ್ಟುಕೊಂಡಿದ್ದನ್ನೇ ಇಲ್ಲಿ ಹಾಕುತ್ತಿದ್ದೇನೆ. ಇಂಥ ಮಾತು ಅವಳ ಒಬ್ಬಳ ಮನೆಯದಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಹುಬ್ಬಳ್ಳಿಯಲ್ಲಿರೋಳು, ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಕಲಿಸುತ್ತೇನೆ. ಬಸ್ಸಿನಲ್ಲಿ, ಶಾಲೆಯ ಕಟ್ಟೆಯ ಮೇಲೆ, ಮದುವೆ ಮನೆಯ ಅಡುಗೆ ಜಾಗದಲ್ಲಿ ಇದೇ ಮಾತು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ಎಲ್ಲ ಧರ್ಮದ ಹೆಂಗಸರಿಂದ.

ಮೊದಲು ಹೆಸರು. ಗಂಡ ಹೆಂಡತಿಗೆ ಕೊಡಲೇಬೇಕಾದ ಊಟ, ಬಟ್ಟೆ, ಮನೆಯ ಖರ್ಚಿಗೆ ನಮ್ಮ ಮುಸ್ಲಿಮರಲ್ಲಿ ನಫಖಾ ಅಂತಾರೆ. ಕೋರ್ಟಿನ ಕನ್ನಡದಲ್ಲಿ ಜೀವನಾಂಶ. ಆದರೆ ಜೀವನಾಂಶ ಅಂದ ಕೂಡಲೇ ನಮ್ಮ ಜನಕ್ಕೆ ತಲಾಖ್, ವಕೀಲರು, ತಾರೀಖು ಇಷ್ಟೇ ನೆನಪಾಗುತ್ತದೆ. ನಫಖಾ ಹಾಗಲ್ಲ. ಅದು ನಿಖಾ ಆಗಿ ಹೆಂಡತಿ ಗಂಡನ ಮನೆಗೆ ಬಂದಾಗಿನಿಂದ ಶುರು. ಚೆನ್ನಾಗಿ ನಡೆಯುತ್ತಿರುವ ಸಂಸಾರದಲ್ಲೇ ಅದು ಇರೋದು.

ಕುರ್‌ಆನ್‌ನ ಸೂರಾ (ಅಧ್ಯಾಯ) ನಿಸಾದ 34ನೇ ಆಯತ್ (ವಚನ) ನಮ್ಮ ಗಂಡಸರಿಗೆ ಬಹಳ ಇಷ್ಟ. ಗಂಡಸರು ಹೆಂಗಸರ ಮೇಲಿನ ಹೊಣೆಗಾರರು ಅನ್ನುವ ಮಾತು ಅದರಲ್ಲಿದೆ. ಮದುವೆಯ ಬಯಾನ್‌ನಲ್ಲಿ, ಜಗಳದ ಪಂಚಾಯ್ತಿಯಲ್ಲಿ, ಎಲ್ಲಾ ಕಡೆ ಇದನ್ನೇ ಹೇಳುತ್ತಾರೆ. ಆ ಆಯತ್ ಅಲ್ಲಿಗೇ ನಿಲ್ಲುವುದಿಲ್ಲ. ಯಾಕೆ ಹೊಣೆಗಾರರು ಅನ್ನೋದಕ್ಕೆ ಕಾರಣವನ್ನೂ ಅದೇ ಹೇಳುತ್ತದೆ, ಅವರು ತಮ್ಮ ಸಂಪತ್ತಿನಿಂದ ಖರ್ಚು ಮಾಡುತ್ತಾರೆ ಅಂತ. ಖರ್ಚನ್ನು ಕೈಬಿಟ್ಟು ಯಜಮಾನಿಕೆ ಮಾತ್ರ ಇಟ್ಟುಕೊಳ್ಳೋಕೆ ಬರೋದಿಲ್ಲ. ಅದೇ ಸೂರಾದಲ್ಲಿ ಎರಡು ಆಯತ್ ಹಿಂದೆ, 32ರಲ್ಲಿ, ಗಂಡಸರು ಗಳಿಸಿದ್ದರ ಪಾಲು ಗಂಡಸರಿಗೆ, ಹೆಂಗಸರು ಗಳಿಸಿದ್ದರ ಪಾಲು ಹೆಂಗಸರಿಗೆ ಅಂತ ಇದೆ. ನನ್ನ ತಂಗಿಯ ಮೆಣಸಿನಕಾಯಿ ಕೂಲಿ ಅವಳದು. ಗೃಹಲಕ್ಷ್ಮಿ ದುಡ್ಡಂತೂ ಅವಳ ಹೆಸರಿಗೆ, ಅವಳ ಖಾತೆಗೆ ಬಂದದ್ದು. ತವರಿನಿಂದ ಬಂದದ್ದು ಅವಳದು, ನಿಖಾದಲ್ಲಿ ಗಂಡ ಕೊಡುವ ಮೆಹರ್ ಅವಳದು. ಹೆಂಡತಿ ಎಷ್ಟೇ ಸ್ಥಿತಿವಂತಳಾದರೂ ಗಂಡನ ಮೇಲಿನ ನಫಖಾ ಹೋಗುವುದಿಲ್ಲ ಅನ್ನೋದರಲ್ಲಿ ಹನಫಿ, ಶಾಫಿ, ಮಾಲಿಕಿ, ಹಂಬಲಿ ಅನ್ನುವ ಧರ್ಮಶಾಸ್ತ್ರದ ನಾಲ್ಕು ಪಂಥಗಳು, ಅಂದರೆ ನಾಲ್ಕೂ ಮಝ್‌ಹಬ್‌ಗಳು ಒಂದೇ ಮಾತು ಆಡುತ್ತವೆ. ಬೇರೆ ಎಷ್ಟೋ ವಿಷಯಗಳಲ್ಲಿ ಅವು ಒಪ್ಪುವುದಿಲ್ಲ, ಇದರಲ್ಲಿ ಒಪ್ಪುತ್ತವೆ.

ಹದೀಸ್‌ನಲ್ಲಿ (ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ) ಒಂದು ಪ್ರಸಂಗ ಇದೆ, ಬುಖಾರಿ ಮತ್ತು ಮುಸ್ಲಿಂ ಅನ್ನುವ ಎರಡು ಸಂಗ್ರಹಗಳಲ್ಲೂ. ಅಬೂ ಸುಫ್ಯಾನ್ ಮಕ್ಕಾದ ದೊಡ್ಡ ವ್ಯಾಪಾರಿ. ಅವರ ಹೆಂಡತಿ ಹಿಂದ್ ಪ್ರವಾದಿಯವರ ಹತ್ತಿರ ಬಂದು ನೇರವಾಗಿ ಹೇಳುತ್ತಾರೆ, ನನ್ನ ಗಂಡನ ಕೈ ಬಿಗಿ, ನನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ, ಅವರಿಗೆ ಗೊತ್ತಾಗದಂತೆ ನಾನೇ ತೆಗೆದುಕೊಂಡರೆ ಮಾತ್ರ ನಡೆಯುತ್ತೆ, ಇದು ತಪ್ಪಾ ಅಂತ. ಹೊಂದಿಕೊಂಡು ಹೋಗು ಅನ್ನುವ ಉತ್ತರ ಬರಲಿಲ್ಲ. ನಿನಗೂ ನಿನ್ನ ಮಕ್ಕಳಿಗೂ ಸಾಕಾಗುವಷ್ಟನ್ನು ಮಾರೂಫ್ ಆಗಿ ತೆಗೆದುಕೋ ಅಂದರು. ನಮ್ಮ ಕಡೆ ಎಷ್ಟು ಹೆಂಗಸರು ಗಂಡನ ಅಂಗಿ ಕಿಸೆಯಿಂದ 50 ರೂಪಾಯಿ ತೆಗೆದು ದಿನವಿಡೀ ಕಳ್ಳತನ ಮಾಡಿದವರ ಹಾಗೆ ಒದ್ದಾಡುತ್ತಾರೆ. ಅವರಿಗೆಲ್ಲ ಈ ಹದೀಸ್ ಯಾರೂ ಹೇಳಿಲ್ಲ. ಹೇಳಬೇಕಿತ್ತು.

ಮಾರೂಫ್ ಅನ್ನುವ ಆ ಪದ ಕುರ್‌ಆನ್‌ನಲ್ಲೂ ಈ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಮಾತಿನಲ್ಲಿ ಹೇಳೋದಾದರೆ ನಾಲ್ಕು ಜನ ನೋಡಿ ಸರಿ ಅನ್ನುವಷ್ಟು, ಆ ಊರು ಆ ಕಾಲಕ್ಕೆ ತಕ್ಕ ಹಾಗೆ. ಹೀಗಾಗಿ ಇದು ಒಂದೇ ಕಡೆ ನಿಂತ ಲೆಕ್ಕ ಅಲ್ಲ. ನಮ್ಮ ಅವ್ವನ ಕಾಲಕ್ಕೆ ಜೋಳ, ಎಣ್ಣೆ, ಸೀಮೆಎಣ್ಣೆ, ವರ್ಷಕ್ಕೆ ಎರಡು ಸೀರೆ. ಇವತ್ತು ಗ್ಯಾಸ್ ಸಿಲಿಂಡರ್ ಇದೆ, ಕರೆಂಟ್ ಬಿಲ್ ಇದೆ, ಫೋನ್ ರೀಚಾರ್ಜ್ ಇದೆ. ಔಷಧದ ವಿಷಯ ಸ್ವಲ್ಪ ವಿಚಿತ್ರ. ಹಳೆಯ ಫಿಖ್ (ಧರ್ಮಶಾಸ್ತ್ರ) ಗ್ರಂಥಗಳನ್ನು ಬರೆದವರಲ್ಲಿ ಹೆಚ್ಚಿನವರು ವೈದ್ಯರ ಖರ್ಚನ್ನು ನಫಖಾದಲ್ಲಿ ಸೇರಿಸಲಿಲ್ಲ. ಇವತ್ತಿನ ಬಹಳ ವಿದ್ವಾಂಸರು ಸೇರಿಸುತ್ತಾರೆ, ಔಷಧವೂ ಊಟದಷ್ಟೇ ಅಗತ್ಯ ಅಂತ. ನನಗೆ ಇವರ ಮಾತೇ ಸರಿ ಅನ್ನಿಸುತ್ತದೆ. ಬಿಪಿ ಗುಳಿಗೆ ತವರಿನವರು ಕೊಡಿಸಲಿ, ಊಟ ಮಾತ್ರ ನಾನು ಹಾಕುತ್ತೇನೆ ಅನ್ನುವ ಗಂಡನನ್ನು ನಮ್ಮ ಓಣಿಯ ಯಾವ ನಾಲ್ಕು ಜನ ಒಪ್ಪುತ್ತಾರೆ ಹೇಳಿ.

ಈಗ ಅಪ್ಪನ ವಿಷಯ ಹೇಳದೆ ಮುಂದೆ ಹೋಗಲಾರೆ.

ನಾವು ನದಾಫರು. ಮನೆಮಾತು ಕನ್ನಡ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಸವಣೂರ ಕಡೆಯ ಸಣ್ಣ ಊರು ನಮ್ಮದು. ಸುಗ್ಗಿ ಮುಗಿದು ಮದುವೆ ಸೀಜನ್ ಬಂದರೆ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ಹೋಗುತ್ತಿದ್ದರು, ಮೂರು ನಾಲ್ಕು ದಿನ ಬಿಟ್ಟು ಬರುತ್ತಿದ್ದರು. ಬಂದಾಗ ತಲೆಗೂದಲು, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲಾ ಬೆಳ್ಳಗೆ, ಹತ್ತಿ ಧೂಳು. ಅವ್ವ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಪ್ಪ ಕಾಲು ತೊಳೆಯುವ ಮೊದಲೇ ಒಳಕಿಸೆಗೆ ಕೈ ಹಾಕಿ ದುಡ್ಡು ತೆಗೆದು ಅವ್ವನ ಕೈಗೆ ಇಡುತ್ತಿದ್ದರು. ತಂಬಿಗೆ ಅವರ ಕೈಗೆ, ದುಡ್ಡು ಅವ್ವನ ಕೈಗೆ. ಅವ್ವ ಎಣಿಸದೆ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು.

ಮಳೆಗಾಲದಲ್ಲಿ ಗಾದಿ ಕೆಲಸ ಇರುತ್ತಿರಲಿಲ್ಲ. ಆಗ ಅಪ್ಪ ಯಾರದೋ ಹೊಲಕ್ಕೆ ಕೂಲಿ ಹೋಗಿ ಬಂದು ಕಡಿಮೆ ದುಡ್ಡು ಇಡುತ್ತಿದ್ದರು. "ಇಷ್ಟ ಐತಿ ನೋಡ ಈ ಸರ್ತಿ" ಅನ್ನುತ್ತಿದ್ದರು, ಅವ್ವನ ಮುಖ ನೋಡುತ್ತಿರಲಿಲ್ಲ. ಅವ್ವನೂ ಏನೂ ಅನ್ನುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಸೂರಾ ತಲಾಖ್‌ನ 7ನೇ ಆಯತ್ ಓದಿದಾಗ ನನಗೆ ಆ ಬಾಗಿಲೇ ಕಣ್ಣ ಮುಂದೆ ಬಂತು. ಅನುಕೂಲಸ್ಥ ತನ್ನ ಅನುಕೂಲಕ್ಕೆ ತಕ್ಕ ಹಾಗೆ ಖರ್ಚು ಮಾಡಲಿ, ಕೈ ಸಣ್ಣದಾದವನು ಅಲ್ಲಾಹ್ ಕೊಟ್ಟಷ್ಟರಲ್ಲೇ ಖರ್ಚು ಮಾಡಲಿ, ಅಲ್ಲಾಹ್ ಯಾರ ಮೇಲೂ ಅವರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಹೊರೆ ಹಾಕುವುದಿಲ್ಲ ಅಂತ ಅದರ ಅರ್ಥ. ತಲಾಖ್ ಆದ ಹೆಂಗಸಿನ ಖರ್ಚಿನ ಮಾತು ಬಂದಾಗ ಬರುವ ಆಯತ್ ಅದು, ಆದರೆ ಒಟ್ಟು ನಫಖಾಕ್ಕೂ ವಿದ್ವಾಂಸರು ಅದನ್ನೇ ಆಧಾರ ಮಾಡುತ್ತಾರೆ. ಕಡಿಮೆ ದುಡಿಯುವವನಿಂದ ಜಾಸ್ತಿ ಕಿತ್ತುಕೊಳ್ಳಿ ಅಂತ ಯಾರೂ ಹೇಳುತ್ತಿಲ್ಲ. ಇದ್ದಷ್ಟರಲ್ಲಿ ಮನೆಗೆ ಮೊದಲು ಕೊಡಬೇಕು.

ಇನ್ನೊಂದು ಮಾತು. ಅಪ್ಪ ಒಂದು ದಿನವೂ ಅವ್ವನಿಗೆ ಲೆಕ್ಕ ಕೇಳಲಿಲ್ಲ. ಎಮ್ಮೆಯ ಹಾಲು ಮಾರಿದ ದುಡ್ಡು ಅವ್ವನದು. ಅದರ ಡಬ್ಬಿ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಪ್ಪ ಅದನ್ನು ಮುಟ್ಟಿದ್ದು ನಾನು ನೋಡಿಲ್ಲ. ಅವರಿಗೆ ಓದೋಕೆ ಬರುತ್ತಿರಲಿಲ್ಲ.

ಮನೆ ಅಂದರೆ ಬರೀ ಛಾವಣಿ ಅಲ್ಲ. ಇದು ನನ್ನ ಅಕ್ಕನ ಕಥೆ. ಅವಳನ್ನು ಗದಗ-ಬೆಟಗೇರಿಯ ಕಡೆ ಕೊಟ್ಟಿದ್ದಾರೆ. ಮಗ್ಗದ ಮನೆ. ಒಂದು ದೊಡ್ಡ ಕೋಣೆ, ಅರ್ಧ ಜಾಗ ಮಗ್ಗಕ್ಕೆ, ಉಳಿದರ್ಧದಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು. ಅಕ್ಕ ಮತ್ತು ಅವಳ ಗಂಡ, ನಮ್ಮ ಮಾಮಾ, ಮಲಗುತ್ತಿದ್ದ ಜಾಗಕ್ಕೆ ಒಂದು ಹಳೆಯ ಸೀರೆಯ ಪರದೆ. ನಾಲ್ಕು ವರ್ಷ. ಅವಳು ಬೇರೆ ಮನೆ ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಒಂದು ಬಾಗಿಲು ಕೇಳಿದಳು. ಅಷ್ಟಕ್ಕೇ ಅತ್ತೆಗೆ ಸಿಟ್ಟು ಬಂತು, ನಾವೇನು ಕಳ್ಳರಾ ಅಂತ. ಮಾತು ಮಸೀದಿಯ ಜಮಾತಿನ ತನಕ ಹೋಯಿತು. ಅಲ್ಲಿ ಒಬ್ಬ ವಯಸ್ಸಾದ ಮೌಲಾನಾ ಇದ್ದರು. ಅವರು ಹಿದಾಯಾ ತೆಗೆದರು. ಹನಫಿ ಫಿಖ್‌ನಲ್ಲಿ ಅದಕ್ಕಿಂತ ಹೆಸರುವಾಸಿ ಗ್ರಂಥ ಕಡಿಮೆ, ಮದರಸಾಗಳಲ್ಲಿ ಇವತ್ತಿಗೂ ಕಲಿಸುತ್ತಾರೆ. ಹೆಂಡತಿಗೆ ಗಂಡನ ಮನೆಯವರು ಯಾರೂ ಇರದ ಮನೆ ಕೊಡಬೇಕು, ಅವಳಾಗಿಯೇ ಒಪ್ಪಿದರೆ ಕೂಡಿ ಇರಬಹುದು, ಇನ್ನು ಆ ಮನೆಯಲ್ಲೇ ಅವಳದೇ ಆದ, ಕೀಲಿ ಇರುವ ಒಂದು ಕೋಣೆ ಕೊಟ್ಟರೂ ಸಾಕು ಅಂತ ಅದರಲ್ಲಿದೆ. ಎಂಟು ನೂರು ವರ್ಷಕ್ಕೂ ಹಿಂದೆ ಮಧ್ಯ ಏಷ್ಯಾದಲ್ಲಿ ಕೂತು ಬರೆದವರಿಗೆ ಹೆಂಗಸಿಗೆ ಒಂದು ಕೀಲಿ ಬೇಕು ಅನ್ನೋದು ಗೊತ್ತಿತ್ತು. ಮೌಲಾನಾ ಓದಿ ಹೇಳಿದ ಮೇಲೆ ಮಾಮಾ ಮಾತಾಡಲಿಲ್ಲ. ಹದಿನೈದು ದಿನದಲ್ಲಿ ಪತ್ರಾಸಿನ ಗೋಡೆ ಎದ್ದಿತು, ಸಣ್ಣ ಬಾಗಿಲು, ಅದಕ್ಕೊಂದು ಕೀಲಿ. ಈಗ ಅವರು ಸಿಮೆಂಟಿನ ಮನೆ ಕಟ್ಟಿಸಿಕೊಂಡಿದ್ದಾರೆ. ಆ ಹಳೆಯ ಕೀಲಿಕೈ ಅಕ್ಕ ಇನ್ನೂ ತನ್ನ ಸೀರೆಯ ಪಿನ್ನಿಗೆ ಸಿಕ್ಕಿಸಿಕೊಂಡೇ ಇರುತ್ತಾಳೆ. ಅತ್ತೆಗೂ ಅವಳಿಗೂ ಈಗ ಚೆನ್ನಾಗಿದೆ.

ನನ್ನ ಸಂಸಾರದ ಮಾತು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಮ್ಮ ಮನೆಯವರನ್ನೇ ಕೇಳಿದೆ. "ಬರಿ, ಸುಳ್ಳೇನ ಬರೀಬ್ಯಾಡ" ಅಂದರು.

ಅವರದು ಹಳೇ ಹುಬ್ಬಳ್ಳಿಯಲ್ಲಿ ಟೂ ವ್ಹೀಲರ್ ಗ್ಯಾರೇಜ್. ನನ್ನ ಸಂಬಳ ಅವರ ಗಳಿಕೆಗಿಂತ ಜಾಸ್ತಿ. ಮದುವೆಗೆ ಮೊದಲೇ ನನಗೆ ನೌಕರಿ ಇತ್ತು, ನಿಖಾ ಮಾತುಕತೆಯಲ್ಲಿ ಅಪ್ಪ ಒಂದೇ ಷರತ್ತು ಹಾಕಿದ್ದರು, ಮಗಳು ನೌಕರಿ ಬಿಡುವುದಿಲ್ಲ ಅಂತ. ಅದು ಬಹಳ ಮುಖ್ಯ, ಹೆಣ್ಣುಮಕ್ಕಳ ತಂದೆ ತಾಯಿ ಇದನ್ನು ಗಮನಿಸಬೇಕು. ಯಾಕೆಂದರೆ ಗಂಡನ ಒಪ್ಪಿಗೆ ಇಲ್ಲದೆ ಹೊರಗೆ ದುಡಿಯಲು ಹೋದ ಹೆಂಡತಿಯ ನಫಖಾ ಹಕ್ಕಿನ ಬಗ್ಗೆ ಹಳೆಯ ಹನಫಿ ಗ್ರಂಥಗಳು ತಕರಾರು ತೆಗೆಯುತ್ತವೆ. ಒಪ್ಪಿಗೆ ಇದ್ದರೆ ಆ ಮಾತೇ ಇಲ್ಲ. ಆದ್ದರಿಂದ ನಿಖಾನಾಮಾದಲ್ಲೇ ಬರೆಸಿಬಿಡಿ. ನಿಖಾ ಅಂದರೆ ಕರಾರು, ಕರಾರಿನಲ್ಲಿ ಷರತ್ತು ಇರೋದು ಯಾರಿಗೂ ಅವಮಾನ ಅಲ್ಲ.

ಪ್ರತಿ ತಿಂಗಳು 5ನೇ ತಾರೀಖಿನ ಒಳಗೆ ಅವರು ಮನೆ ಖರ್ಚಿಗೆ ದುಡ್ಡು ತಂದು ಕೊಡುತ್ತಾರೆ. ನೋಟಿಗೆ ಗ್ರೀಸ್ ವಾಸನೆ. ಮೊದಲ ವರ್ಷ ನಾನು ಬೇಡ ಅಂದಿದ್ದೆ, ನನ್ನ ಸಂಬಳ ಇದೆಯಲ್ಲ, ನೀವು ಗ್ಯಾರೇಜಿಗೆ ಹಾಕಿಕೊಳ್ಳಿ ಅಂತ. ಅವರು ಸಿಟ್ಟಾಗಲಿಲ್ಲ, ಆದರೆ ತೆಗೆದುಕೊಳ್ಳುವ ತನಕ ಕೈ ಚಾಚಿ ನಿಂತೇ ಇದ್ದರು. ಮನೆಗೆ ನಾನೂ ಹಾಕುತ್ತೇನೆ, ಹಾಕಿಲ್ಲ ಅಂದರೆ ಸುಳ್ಳಾಗುತ್ತದೆ. ಫ್ರಿಜ್ ನಾನು ತಂದೆ, ಮಗಳ ಟ್ಯೂಷನ್ ನಾನು ಕಟ್ಟುತ್ತೇನೆ. ಆದರೆ ನಾನು ಹಾಕೋದು ನನ್ನ ಇಷ್ಟ, ಅವರು ಹಾಕೋದು ಅವರ ಫರ್ಜ್, ಇದು ನಮ್ಮಿಬ್ಬರಿಗೂ ಗೊತ್ತಿದೆ. ಗೊತ್ತಿರೋದರಿಂದಲೇ ಜಗಳ ಇಲ್ಲ.

2020ರ ಲಾಕ್‌ಡೌನ್‌ನಲ್ಲಿ ಗ್ಯಾರೇಜ್ ಮುಚ್ಚಿತು. ಮಾರ್ಚ್ ಕೊನೆಯಿಂದ ಒಂದು ಸ್ಪ್ಯಾನರ್ ಎತ್ತುವ ಕೆಲಸ ಇಲ್ಲ. ನನ್ನ ಸಂಬಳ ಬರುತ್ತಿತ್ತು, ಮನೆ ಅದರಲ್ಲೇ ನಡೆಯಿತು, ಗ್ಯಾರೇಜಿನ ಬಾಡಿಗೆಯನ್ನೂ ನಾನೇ ಕಟ್ಟಿದೆ. ಒಂದು ದಿನ ಅವರ ಗ್ಯಾರೇಜಿನ ಡೈರಿ ಟೇಬಲ್ ಮೇಲೆ ಬಿದ್ದಿತ್ತು. ಗಿರಾಕಿಗಳ ಉದ್ರಿ ಬರೆಯುವ ಡೈರಿ. ತೆರೆದರೆ ಕೊನೆಯ ಪುಟದಲ್ಲಿ ನನ್ನ ಹೆಸರು. ಕೆಳಗೆ ಏಪ್ರಿಲ್ ರೇಷನ್, ಏಪ್ರಿಲ್ ಬಾಡಿಗೆ, ಮೇ ರೇಷನ್, ಗ್ಯಾಸ್, ಅವರ ಅವ್ವನ ಗುಳಿಗೆ, ಎಲ್ಲದರ ಮುಂದೆ ಮೊತ್ತ. ನನಗೆ ಅಳು ಬಂತು. ಇದೇನ್ರಿ ಇದು ಅಂದರೆ, "ಕೊಡೂದೈತಿ. ನಿನ್ನ ದುಡ್ಡು ಅದು" ಅಂದರು.

ಕೈಯಲ್ಲಿ ಏನೂ ಇಲ್ಲದ ಗಂಡನ ಮನೆಗೆ ಹೆಂಡತಿ ಸಾಲ ಅಂತ ಹೇಳಿ ಖರ್ಚು ಮಾಡಿದರೆ ಅದು ಸಾಲವೇ, ಮುಂದೆ ಅವನು ತೀರಿಸಬೇಕು. ಮನಸ್ಸಿನಿಂದ ಕೊಟ್ಟರೆ ಸದಕಾ, ಅಂದರೆ ದಾನ. ಪ್ರವಾದಿಯವರ ಸಂಗಾತಿ ಇಬ್ನ್ ಮಸ್‌ಊದರ ಹೆಂಡತಿ ಝೈನಬ್ ಇದನ್ನೇ ಪ್ರವಾದಿಯವರಿಗೆ ಕೇಳಿಸಿದ್ದರು, ನನ್ನ ಗಂಡನ ಮೇಲೆ, ನನ್ನ ಆಶ್ರಯದಲ್ಲಿರುವ ಅನಾಥ ಮಕ್ಕಳ ಮೇಲೆ ಖರ್ಚು ಮಾಡಿದರೆ ಸದಕಾ ಆಗುತ್ತಾ ಅಂತ. ಆಗುತ್ತದೆ, ಎರಡು ಪುಣ್ಯ, ಸಂಬಂಧ ಉಳಿಸಿದ್ದಕ್ಕೆ ಒಂದು, ಸದಕಾಕ್ಕೆ ಒಂದು ಅಂತ ಉತ್ತರ ಬಂತು. ಹೆಂಡತಿ ಗಂಡನಿಗೆ ಕೊಟ್ಟದ್ದು ದಾನ ಅಂದ ಮೇಲೆ ಆ ದುಡ್ಡು ಮೊದಲು ಅವಳದೇ ಆಗಿರಬೇಕಲ್ವಾ?

ನಾನು ಒಂದು ರಾತ್ರಿ ಯೋಚನೆ ಮಾಡಿದೆ. ಎಲ್ಲಾ ಮಾಫಿ ಅಂತ ಹೇಳೋದು ಸುಲಭ ಇತ್ತು, ಆದರೆ ನನಗೂ ಮುಂದಿನ ವರ್ಷ ತಮ್ಮನ ಮದುವೆ ಇತ್ತು. ಬೆಳಿಗ್ಗೆ ಹೇಳಿದೆ, ಊಟದ್ದು, ಅತ್ತೆಯ ಔಷಧದ್ದು ನಾನು ಮನಸ್ಸಿನಿಂದ ಕೊಟ್ಟಿದ್ದು, ಅದನ್ನು ಹೊಡೆದು ಹಾಕಿ. ಗ್ಯಾರೇಜಿನ ಬಾಡಿಗೆ ಮಾತ್ರ ಸಾಲ, ಅದನ್ನು ವಾಪಸ್ ಕೊಡಿ. ಅವರು ಪೆನ್ನು ತೆಗೆದುಕೊಂಡು ಒಂದೊಂದೇ ಸಾಲು ಹೊಡೆದು ಹಾಕಿದರು. ಬಾಡಿಗೆ ದುಡ್ಡು 14 ತಿಂಗಳಲ್ಲಿ ತೀರಿತು. ಕೊನೆಯ ಕಂತು ಕೊಟ್ಟ ದಿನ ದುರ್ಗದಬೈಲಿಗೆ ಕರೆದುಕೊಂಡು ಹೋಗಿ ಗಿರ್ಮಿಟ್ ತಿನ್ನಿಸಿದರು.

ಎಲ್ಲರ ಮನೆ ಹೀಗಿರುವುದಿಲ್ಲ, ಗೊತ್ತು. ಕೊಡದೇ ಇರುವ ಗಂಡಸರು ಇದ್ದಾರೆ, ಅವರಿಗೆ ಆಯತ್ ಓದಿ ಹೇಳಿದರೂ ನಾಟುವುದಿಲ್ಲ. ಅಂಥ ಕಡೆ ಹೆಂಗಸರಿಗೆ ಕೆಲವು ವಿಷಯ ಗೊತ್ತಿರಬೇಕು. ಮೊದಲನೆಯದು, ನಾವು ಈ ಕಡೆಯವರು ಹೆಚ್ಚಾಗಿ ಹನಫಿಗಳು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಶಾಫಿ ಪದ್ಧತಿಯಲ್ಲಿ ಗಂಡ ಕೊಡದೆ ಉಳಿಸಿಕೊಂಡ ನಫಖಾ ತಾನಾಗಿಯೇ ಸಾಲ. ಹನಫಿಯಲ್ಲಿ ಮೊತ್ತ ಇಷ್ಟು ಅಂತ ಇಬ್ಬರೂ ಒಪ್ಪಿ ಗೊತ್ತು ಮಾಡಿರಬೇಕು ಅಥವಾ ನ್ಯಾಯ ಹೇಳುವ ಖಾಜಿ ಗೊತ್ತು ಮಾಡಿರಬೇಕು, ಇಲ್ಲದಿದ್ದರೆ ಹಿಂದಿನದನ್ನು ಕೇಳುವ ಹಕ್ಕು ಜಾರಿಹೋಗುತ್ತದೆ. ಅದಕ್ಕೇ ನಾನು ಹೇಳೋದು, ಬಾಯಿಮಾತು ಬೇಡ, ನಾಲ್ಕು ಹಿರಿಯರ ಮುಂದೆ ತಿಂಗಳಿಗೆ ಇಷ್ಟು ಅಂತ ಬರೆಸಿಕೊಳ್ಳಿ.

ಹನಫಿ ಪದ್ಧತಿಯಲ್ಲಿ ಇನ್ನೊಂದು ತೊಡಕೂ ಇತ್ತು. ಗಂಡ ಖರ್ಚಿಗೆ ಕೊಡದಿದ್ದರೂ ಅದೇ ಕಾರಣಕ್ಕೆ ನಿಖಾ ಮುರಿಯಲು ಹೆಂಡತಿಗೆ ದಾರಿ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಎಷ್ಟೋ ಹೆಂಗಸರು ಬೇರೆ ದಾರಿ ಕಾಣದೆ ಧರ್ಮವನ್ನೇ ಬಿಟ್ಟು ನಿಖಾ ಮುರಿದುಕೊಂಡರು. ಆಗ ಹನಫಿ ವಿದ್ವಾಂಸ ಮೌಲಾನಾ ಅಶ್ರಫ್ ಅಲಿ ಥಾನವಿಯವರು, ಹೆಂಡತಿಗೆ ಈ ದಾರಿ ಕೊಡುವ ಮಾಲಿಕಿ ಮಝ್‌ಹಬ್‌ನ ನಿಯಮವನ್ನು ತೆಗೆದುಕೊಳ್ಳಬಹುದು ಅಂತ ಬರೆದರು. ಮುಂದೆ 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನೆಯ ಕಾಯ್ದೆ ಬಂತು. ಎರಡು ವರ್ಷ ಗಂಡ ಜೀವನಾಂಶ ಕೊಡದಿದ್ದರೆ ಹೆಂಡತಿ ಕೋರ್ಟಿನಲ್ಲಿ ನಿಖಾ ರದ್ದು ಮಾಡಿಸಿಕೊಳ್ಳಬಹುದು. ಕಾಯ್ದೆ ಇವತ್ತಿಗೂ ಇದೆ. ಓದು ಬಲ್ಲ ಹೆಂಗಸರಿಗೂ ಇದು ಗೊತ್ತಿಲ್ಲ.

ಗಂಡನಿಂದ ಜೀವನಾಂಶ ಕೇಳಿ ಕೋರ್ಟಿಗೆ ಹೋದ ಶಾ ಬಾನೋ ಹೆಸರು ಎಲ್ಲರೂ ಕೇಳಿದ್ದಾರೆ. ಆ ಗಲಾಟೆಯಲ್ಲಿ ಮೊತ್ತ ಮಾತ್ರ ಎಲ್ಲರೂ ಮರೆತರು. ಇಂದೋರಿನ ಆ ವಯಸ್ಸಾದ ತಾಯಿಗೆ ಮ್ಯಾಜಿಸ್ಟ್ರೇಟ್ ಮೊದಲು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆ ಮಾಡಿತು. 1985ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದನ್ನೇ. ಗಂಡ ಸ್ವತಃ ವಕೀಲರು. ನಾಲ್ಕು ದಶಕದ ಸಂಸಾರ. ದೇಶ ಎಲ್ಲಾ ಹೊತ್ತಿ ಉರಿಯಿತು, 1986ರಲ್ಲಿ ತಲಾಖ್ ಆದ ಮುಸ್ಲಿಂ ಹೆಂಗಸರಿಗೆ ಅಂತಲೇ ಬೇರೆ ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರವೂ ಮುಂದಿನ ಜೀವನಕ್ಕೆ ಸಾಕಾಗುವ ಏರ್ಪಾಟನ್ನು ಗಂಡ ಇದ್ದತ್ (ತಲಾಖ್ ಆದ ಮೇಲೆ ಹೆಂಗಸು ಕಾಯಬೇಕಾದ ಅವಧಿ) ಮುಗಿಯುವ ಒಳಗೆ ಮಾಡಬೇಕು ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 10ರಂದು ಇನ್ನೊಂದು ತೀರ್ಪು ಬಂತು, ತಲಾಖ್ ಆದ ಮುಸ್ಲಿಂ ಹೆಂಗಸು ಉಳಿದ ಹೆಂಗಸರ ಹಾಗೇ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್‌ನಲ್ಲಿ ಜೀವನಾಂಶ ಕೇಳಬಹುದು ಅಂತ. ಆ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ತೀರ್ಪು ಕೊಟ್ಟ ಇಬ್ಬರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಸ್ವಂತ ಆದಾಯ ಇಲ್ಲದ ಹೆಂಡತಿಯ ಕೈಗೆ ದುಡ್ಡು ಸಿಗುವ ಹಾಗೆ ಗಂಡ ನೋಡಿಕೊಳ್ಳಬೇಕು, ಜಂಟಿ ಖಾತೆ ಇರಲಿ, ಎಟಿಎಂ ಅವಳಿಗೂ ಸಿಗಲಿ ಅನ್ನುವ ಮಾತನ್ನು ಅವರು ಬರೆದಿದ್ದಾರೆ. ತೀರ್ಪಿನಲ್ಲಿ ಎಟಿಎಂ ಕಾರ್ಡಿನ ಮಾತು! ಓದಿದಾಗ ನನಗೆ ಅಪ್ಪ, ಆ ತಂಬಿಗೆ, ಆ ಸೆರಗಿನ ಗಂಟು ನೆನಪಾಯಿತು.

ಕೋರ್ಟಿಗೆ ಹೋಗೋಕೆ ದುಡ್ಡಿಲ್ಲ ಅನ್ನುವ ಹೆಂಗಸರಿಗೆ ಒಂದು ಮಾತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇದೆ. 15100ಕ್ಕೆ ಫೋನ್ ಮಾಡಿದರೂ ನಡೆಯುತ್ತದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಿಡಿಯಬೇಕು ಅಂತ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಅವನು ಸುಧಾರಿಸುತ್ತಾನೆ ಅಂತ ವರ್ಷಗಟ್ಟಲೆ ಕಾಯಬೇಡಿ.

ನನ್ನ ತಂಗಿಯ ಮನೆಗೆ ಇದ್ಯಾವುದೂ ಬೇಕಾಗಲಿಲ್ಲ. ಎರಡು ವಾರ ಬಿಟ್ಟು ನಾನೇ ಶಕ್ತಿ ಬಸ್ಸಿನಲ್ಲಿ ಆಧಾರ್ ತೋರಿಸಿಕೊಂಡು ಬ್ಯಾಡಗಿಗೆ ಹೋದೆ. ಊರಿನ ಹತ್ತಿರ ಬರುತ್ತಿದ್ದ ಹಾಗೇ ಗಾಳಿಯಲ್ಲಿ ಘಾಟು, ಬಸ್ಸಿನಲ್ಲಿ ನಾಲ್ಕು ಜನ ಸೀನಿದರು. ತಂಗಿಯ ಗಂಡ ಮನೆಯಲ್ಲೇ ಇದ್ದ. ಕೆಟ್ಟ ಹುಡುಗ ಅಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಹೊಸ ಆಟೋ ತೆಗೆದುಕೊಂಡಿದ್ದಾನೆ, ಅದರ ಕಂತು ತಲೆ ಮೇಲೆ ಕೂತಿದೆ. "ನಾ ಏನ ಜೂಜಾಡ್ತೀನೇನ್ರಿ ಅಕ್ಕಾ, ಅದೂ ಮನಿಗೇ ಅಲ್ಲೇನ?" ಅಂದ. ನಾನು ಹೇಳಿದೆ, "ಕಷ್ಟ ಐತಿ ಅಂತ ಅಕಿ ಮುಂದ ಹೇಳಪಾ, ಸಾಲ ಕೇಳು, ಮನಸಿದ್ರ ಕೊಡ್ತಾಳ. ಹಿಡಕೊಂಡ ಕೊಡೂದು ಬ್ಯಾರೆ, ಕೇಳೂದು ಬ್ಯಾರೆ." ಹಿಂದ್ ಅವರ ಹದೀಸ್ ಹೇಳಿದೆ. ಅವನು ಅದನ್ನು ಮೊದಲ ಸಲ ಕೇಳುತ್ತಿದ್ದ. ಪ್ರತಿ ಶುಕ್ರವಾರ ಜುಮ್ಮಾ ನಮಾಜಿಗೆ ತಪ್ಪದೆ ಹೋಗುವ ಹುಡುಗ, ಮೂವತ್ತು ದಾಟಿದೆ, ಮೊದಲ ಸಲ. ಇದಕ್ಕೆ ಅವನೊಬ್ಬನನ್ನು ಬೈಯೋಕೆ ನನಗೆ ಮನಸ್ಸಾಗಲಿಲ್ಲ. ಮಸೀದಿಯ ಮಿಂಬರ್ (ಪ್ರವಚನದ ಪೀಠ) ಮೇಲೆ ಕೂತು ಹೆಂಡತಿಯರ ಪರದೆ, ಹೆಂಡತಿಯರ ವಿಧೇಯತೆ ಅಂತ ವಾರವಾರ ಹೇಳುವವರು ವರ್ಷಕ್ಕೆ ಒಂದು ಸಲವಾದರೂ ಇದನ್ನು ಹೇಳಬಾರದಾ?

ಪಕ್ಕದ ಮನೆಯ ಹಿರಿಯ ಚಾಚಾ ಒಬ್ಬರನ್ನು ಕರೆದೆವು. ಮಗಳ ನೋಟ್‌ಬುಕ್‌ನ ಒಂದು ಹಾಳೆ ಹರಿದು ಬರೆದೆವು. ಮನೆ ಖರ್ಚಿಗೆ ತಿಂಗಳಿಗೆ 8,000, ಬಾಡಿಗೆ ಬೇರೆ, ಔಷಧ ಬೇರೆ. ಆಟೋ ಕಂತು ಮುಗಿಯುವ ತನಕ ಯಾವುದಾದರೂ ತಿಂಗಳು ಕಡಿಮೆ ಬಿದ್ದರೆ ಅದನ್ನು ಅವನ ಹೆಸರಿಗೆ ಬರೆದಿಡೋದು. ಕೂಲಿ ಮತ್ತು ಗೃಹಲಕ್ಷ್ಮಿ ಅವಳದು. ಅವನು ಸಹಿ ಹಾಕುವಾಗ ತಂಗಿ ಒಳಗೆ ಚಹಾ ಮಾಡುತ್ತಿದ್ದಳು, ಕಪ್ಪು ಬಸಿ ಜೋರಾಗಿ ಸದ್ದಾಗುತ್ತಿದ್ದವು, ಹೆದರಿದ್ದಳೋ ಖುಷಿಯಾಗಿದ್ದಳೋ ಹೇಳೋಕೆ ಬರೋದಿಲ್ಲ.

ಈ ತಿಂಗಳು ಅವನು 7,000 ಫೋನ್‌ಪೇ ಮಾಡಿ, ಉಳಿದ ಸಾವಿರ 18ನೇ ತಾರೀಖಿಗೆ ಕೈಗೆ ಕೊಟ್ಟನಂತೆ. ನಿನ್ನೆ ಅವಳು ಫೋನ್ ಮಾಡಿದಾಗ ಅದನ್ನು ಹೇಳಿದಳು. ಆಮೇಲೆ ಮಕ್ಕಳ ಸುದ್ದಿ, ಮಳೆ ಸುದ್ದಿ. ಫೋನ್ ಇಡುವ ಹೊತ್ತಿಗೆ ಎಂದಿನಂತೆ, "ಅಕ್ಕಾ, ಪೋಸ್ಟಾಫೀಸಿನ್ಯಾಗ ಆರ್‌ಡಿ ತಗದೇನಿ, ನನ್ನ ಹೆಸರಲೇ" ಅಂದಳು. ಯಾತಕ್ಕೆ ಅಂತ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.